ಪಿಜಿ ವೈದ್ಯರ ಸಂಶೋಧನೆಗೆ ಬೇಕಾದದ್ದು ಬಿಡುವು

ಪ್ರಶ್ನೆ: ವೈದ್ಯಕೀಯ ಕಾಲೇಜೊಂದರಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಗೈಡ್ ಆಗಿ ಈಚೆಗೆ ಜವಾಬ್ದಾರಿ ವಹಿಸಿಕೊಂಡಿದ್ದೇನೆ. ಹಗಲಿರುಳು ವಾರ್ಡಿನಲ್ಲಿ ದುಡಿಯುವ ಇವರು ಸಂಶೋಧನೆಯ ಮಾತೆತ್ತಿದರೆ ಥೀಸಿಸ್ (ಪದವಿಗೆ ಒಪ್ಪಿಸುವ ಪ್ರಬಂಧ) ಮುಗಿದರೆ ಸಾಕು ಎನ್ನುತ್ತಾರೆ. ನಗದು ಬಹುಮಾನ ಇಟ್ಟರೆ ಅಥವಾ ವರ್ಷಕ್ಕೊಂದು ಲೇಖನ ಕಡ್ಡಾಯ ಮಾಡಿದರೆ ಸುಧಾರಿಸೀತೇ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಡಾಕ್ಟರೇ, ಕಡ್ಡಾಯ ಮಾಡಿದರೆ ಲೇಖನಗಳ ಎಣಿಕೆ ಏರುತ್ತದೆ, ನಿಜ, ಆದರೆ ಹಣ ಪಡೆದು ಏನನ್ನಾದರೂ ಅಚ್ಚು ಹಾಕುವ ನಿಯತಕಾಲಿಕಗಳಿಗೇ ಅದರಿಂದ ಹೆಚ್ಚಿನ ಲಾಭ. ಬಹುಮಾನ ಬೇಡವೆನ್ನುವುದಿಲ್ಲ, ಅದು ಬರೆಯುವವರನ್ನು ಹುರಿದುಂಬಿಸೀತು, ಬರೆಯಲು ಪುರುಸೊತ್ತಿಲ್ಲದವರಿಗೆ ಪುರುಸೊತ್ತು ಕೊಡಲಾರದು.

ಎಂ.ಡಿ., ಎಂ.ಎಸ್. ಎಂದರೆ ಮೂರು ವರ್ಷ. ಮೊದಲ ತಿಂಗಳುಗಳು ಸಿನಾಪ್ಸಿಸ್ (ಅಧ್ಯಯನದ ರೂಪುರೇಷೆ) ಮತ್ತು ನೈತಿಕ ಸಮಿತಿಯ ಒಪ್ಪಿಗೆಗೆ, ನಡುವೆ ಮೂರು ತಿಂಗಳು ಜಿಲ್ಲಾ ರೆಸಿಡೆನ್ಸಿಗೆ, ಅಂದರೆ ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿನ ತರಬೇತಿಗೆ, ಹೋಗುತ್ತವೆ. ಪರೀಕ್ಷೆಗೆ ಆರು ತಿಂಗಳು ಮೊದಲೇ ಪ್ರಬಂಧ ಒಪ್ಪಿಸಬೇಕು. ಉಳಿದ ಅವಧಿಯಲ್ಲಿ ರಾತ್ರಿ ಡ್ಯೂಟಿ ಮುಗಿಸಿ ಬಂದವರಿಂದ ಅಧ್ಯಯನವನ್ನೂ ನಿರೀಕ್ಷಿಸುವ ನಾವು, ವಾರಕ್ಕೆ ಅರ್ಧ ದಿನವನ್ನಾದರೂ ಡ್ಯೂಟಿ ಪಟ್ಟಿಯಲ್ಲೇ ಅವರ ಹೆಸರಿನ ಮುಂದೆ ಬರೆದಿಟ್ಟು, ಆ ಹೊತ್ತಿನಲ್ಲಿ ವಾರ್ಡಿನಿಂದ ಕರೆ ಹೋಗದಂತೆ ನೋಡಿಕೊಳ್ಳಬೇಕು. ವಿಭಾಗದ ಮುಖ್ಯಸ್ಥರು ಒಪ್ಪಿ ಸಹಿ ಹಾಕದಿದ್ದರೆ ಇದು ನಡೆಯುವುದಿಲ್ಲ. ಹಾಗಾಗಿ ನಿಮ್ಮ ಮೊದಲ ಹೋರಾಟ ಅಲ್ಲಿಯೇ.

ಇನ್ನು ವಿಷಯದ ಆಯ್ಕೆ. ಹಿಂದಿನ ಬ್ಯಾಚಿನ ಶೀರ್ಷಿಕೆಗೆ ಹೊಸ ವರ್ಷ ಸೇರಿಸಿ ಕೊಡುವ ಪದ್ಧತಿಯನ್ನು ದಯವಿಟ್ಟು ಕೈಬಿಡಿ. ಕೊಡಗಿನಲ್ಲಿ ವಿಷಯಕ್ಕೆ ಬರವಿಲ್ಲ. ಕರಿಮೆಣಸಿನ ಕೊಯ್ಲಿನಲ್ಲಿ ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿ ಹತ್ತಿದ ಕಾರ್ಮಿಕರು ಬಿದ್ದು ಬೆನ್ನುಮೂಳೆ ಮುರಿದುಕೊಳ್ಳುವುದುಂಟು. ಕೇಸ್‌ಶೀಟಿನಲ್ಲಿ ‘ಎತ್ತರದಿಂದ ಬಿದ್ದದ್ದು’ ಎಂದಷ್ಟೇ ಬರೆದರೆ ಏನೂ ತಿಳಿಯುವುದಿಲ್ಲ. ಎಷ್ಟು ಅಡಿ ಎತ್ತರದಿಂದ, ಏಣಿ ಬಿದಿರಿನದೋ ಅಲ್ಯೂಮಿನಿಯಮ್ಮಿನದೋ, ಅದನ್ನು ಮರಕ್ಕೆ ಕಟ್ಟಿದ್ದರೋ ಇಲ್ಲವೋ, ಗಾಯಾಳುವನ್ನು ಜೀಪಿನಲ್ಲಿ ಕೂರಿಸಿ ತಂದರೋ ಹಲಗೆಯ ಮೇಲೆ ಮಲಗಿಸಿ ತಂದರೋ ಎಂಬುದನ್ನು ಒಂದೇ ಹಾಳೆಯ ನಮೂನೆಯಲ್ಲಿ ಕೊಯ್ಲಿನ ಕಾಲವಿಡೀ ತಪ್ಪದೆ ದಾಖಲಿಸಿದರೆ, ತೋಟದ ಮಾಲೀಕರಿಗೂ ಆಂಬುಲೆನ್ಸಿನವರಿಗೂ ಉಪಯೋಗಕ್ಕೆ ಬರುವ ಅಧ್ಯಯನ ಸಿದ್ಧವಾಗುತ್ತದೆ. ಹಾವು ಕಡಿತವನ್ನು ಕರ್ನಾಟಕ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದೆ. ಆ ದಾಖಲೆಗಳೂ ಯುವ ವೈದ್ಯರ ಕಣ್ಣಿಗಾಗಿ ಕಾದಿವೆ. ತಮ್ಮ ಕೈಯಿಂದಲೇ ಚಿಕಿತ್ಸೆ ಪಡೆದವರ ಕುರಿತ ಪ್ರಶ್ನೆಯಾದರೆ ವಿದ್ಯಾರ್ಥಿಗಳಿಗೆ ಆಸಕ್ತಿ ತಾನಾಗಿ ಬರುತ್ತದೆ.

ಸಂಖ್ಯಾಶಾಸ್ತ್ರಜ್ಞರನ್ನು ಸಿನಾಪ್ಸಿಸ್ ಹಂತದಲ್ಲೇ ಕಾಣಲಿ. ಎಷ್ಟು ರೋಗಿಗಳು ಬೇಕು ಎಂಬ ಲೆಕ್ಕ ಮೊದಲೇ ತಪ್ಪಿದ್ದರೆ, ಎಲ್ಲ ರೋಗಿಗಳ ಮಾಹಿತಿ ತುಂಬಿದ ಮಾಸ್ಟರ್ ಚಾರ್ಟ್ ಹಿಡಿದು ಕೊನೆಗೆ ಅವರ ಬಳಿ ಓಡಿ ಪ್ರಯೋಜನವಿಲ್ಲ.

ನಿಮ್ಮ ಪಾಲಿನ ಕೆಲಸವೂ ಉಂಟು. ವಿದ್ಯಾರ್ಥಿ ಕೊಟ್ಟ ಕರಡನ್ನು ವಾರದೊಳಗೆ ಓದಿ, ಸಾಲುಸಾಲಿಗೂ ತಿದ್ದಿ ಹಿಂದಿರುಗಿಸಿ. ತಿಂಗಳುಗಟ್ಟಲೆ ಗೈಡಿನ ಮೇಜಿನ ಮೇಲೆ ಬಿದ್ದಿರುವ ಕರಡಿನಷ್ಟು ಉತ್ಸಾಹ ಕುಗ್ಗಿಸುವುದು ಬೇರೊಂದಿಲ್ಲ. ದುಡಿದವರು ವಿದ್ಯಾರ್ಥಿಯಾದರೆ ಮೊದಲ ಲೇಖಕರ ಸ್ಥಾನವೂ ಅವರದೇ ಆಗಲಿ. ಇದನ್ನು ಆರಂಭದಲ್ಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಹಾಗೆಯೇ ಥೀಸಿಸ್ ಒಪ್ಪಿಸಿದ ತಿಂಗಳಲ್ಲೇ ಅದನ್ನು ಲೇಖನದ ಅಳತೆಗೆ ಇಳಿಸಲು ಕೂರಿಸಿ. ಪರೀಕ್ಷೆ ಮುಗಿದರೆ ಒಬ್ಬರು ಸರ್ಕಾರದ ಕಡ್ಡಾಯ ಸೇವೆಗೆ, ಇನ್ನೊಬ್ಬರು ಬೇರೆ ಊರಿನ ಆಸ್ಪತ್ರೆಯ ಸೀನಿಯರ್ ರೆಸಿಡೆಂಟ್ ಹುದ್ದೆಗೆ ಹೊರಟುಹೋಗುತ್ತಾರೆ. ಆಮೇಲೆ ಆ ಬರಹ ಕೈಗೆ ಸಿಗುವುದು ಕಷ್ಟ.