ಹುಲ್ಲು ಎಣ್ಣೆ ಕುಡಿಯುವುದಿಲ್ಲ: ಒಬ್ಬ ಹೊಸ ಲೇಖಕರಿಗೆ ಸಂಪಾದಕರ ಉತ್ತರ

ಆತ್ಮೀಯರೇ, ನಮಸ್ಕಾರ.

ನಿಮ್ಮ ‘ಎಣ್ಣೆ ಕುಡಿಯುವ ಹುಲ್ಲು’ ಲೇಖನ ತಲುಪಿತು. ಎರಡು ಸಲ ಓದಿದೆ. ಚೀನಾದ ಹಳದಿ ನದಿ ಸಮುದ್ರ ಸೇರುವ ಕಡೆ ಶೆಂಗ್ಲಿ ಎಂಬ ದೊಡ್ಡ ತೈಲಕ್ಷೇತ್ರವಿದೆ. ಅಲ್ಲಿ ಎಣ್ಣೆ ಚೆಲ್ಲಿ ಕೆಟ್ಟ ಉಪ್ಪು ನೆಲದಲ್ಲಿ ಇಂಧನದ ಬೆಳೆ ಹಾಕಿದರೆ ನೆಲವೂ ಸುಧಾರಿಸುತ್ತದೆ, ಇಂಧನವೂ ಸಿಗುತ್ತದೆ ಎಂದು ಬರೆದಿದ್ದೀರಿ. ವಿಷಯ ತುಂಬಾ ಒಳ್ಳೆಯದು. ಆದರೆ ಈಗಿರುವ ರೂಪದಲ್ಲಿ ಇದನ್ನು ಹಾಕಲು ಆಗುವುದಿಲ್ಲ. ನೀವು ಇದನ್ನು ಮತ್ತೆ ಬರೆಯಬೇಕು ಅನ್ನುವ ಆಸೆ ನನಗಿದೆ, ಅದಕ್ಕೇ ಕಾರಣಗಳನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಶೀರ್ಷಿಕೆ. ಹುಲ್ಲು ಎಣ್ಣೆ ಕುಡಿಯುವುದಿಲ್ಲ. ಕಚ್ಚಾ ತೈಲ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಕರಗದ್ದನ್ನು ಬೇರು ಹೀರುವುದು ಕಷ್ಟ. ಎಣ್ಣೆಯನ್ನು ನಿಜವಾಗಿ ಒಡೆಯುವುದು ಬೇರಿನ ಸುತ್ತ ಇರುವ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು. ಬೇರು ಅವುಗಳಿಗೆ ಸಕ್ಕರೆ, ಆಮ್ಲಗಳನ್ನು ಸೋರಿಸಿ ಊಟ ಹಾಕುತ್ತದೆ. ಗಟ್ಟಿ ಮಣ್ಣನ್ನು ಸೀಳಿ ಗಾಳಿಗೆ ದಾರಿ ಮಾಡುತ್ತದೆ. ಗಾಳಿ ಸಿಕ್ಕಾಗ ಆ ಜೀವಿಗಳು ಎಣ್ಣೆಯನ್ನು ತಿನ್ನುತ್ತವೆ. ನೀವು ಹುಲ್ಲನ್ನು ನಾಯಕನನ್ನಾಗಿ ಮಾಡಿ, ಕೆಲಸ ಮಾಡುವವರನ್ನು ಒಂದೇ ಸಾಲಿನಲ್ಲಿ ‘ಸೂಕ್ಷ್ಮಾಣುಗಳ ಸಹಕಾರದಿಂದ’ ಎಂದು ಮುಗಿಸಿದ್ದೀರಿ. ಲೇಖನದ ಜೀವ ಇರುವುದೇ ಆ ಸಾಲಿನಲ್ಲಿ!

ಕುವೈತ್‌ನ ಒಂದು ಸಂಗತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. 1991ರ ಯುದ್ಧದಲ್ಲಿ ಅಲ್ಲಿ 600ಕ್ಕೂ ಹೆಚ್ಚು ತೈಲಬಾವಿಗಳಿಗೆ ಬೆಂಕಿ ಬಿತ್ತು. ಕೊನೆಯ ಬಾವಿ ಆರಿದ್ದು ನವೆಂಬರ್‌ನಲ್ಲಿ. ಮರಳುಗಾಡಿನಲ್ಲಿ ಎಣ್ಣೆಯ ಕೆರೆಗಳೇ ನಿಂತವು. ಬೆಂಕಿ ಆರಿಸಲು ಸಮುದ್ರದ ನೀರನ್ನು ಬಳಸಿದ್ದರಿಂದ ಎಣ್ಣೆಯ ಜೊತೆ ಉಪ್ಪೂ ಮಣ್ಣಿಗೆ ಸೇರಿತು. ಕೆಲವು ವರ್ಷಗಳ ನಂತರ ಕುವೈತ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಆ ಎಣ್ಣೆ ಮಣ್ಣಿನಲ್ಲಿ ತಾನಾಗಿ ಬೆಳೆದ ಕಾಡುಗಿಡಗಳನ್ನು ಕಿತ್ತು ನೋಡಿದರು. ಸುತ್ತ ಕಪ್ಪು ಮಣ್ಣು, ಬೇರು ಮಾತ್ರ ಬೆಳ್ಳಗೆ ಶುಚಿಯಾಗಿತ್ತು. ಬೇರಿನ ಸುತ್ತ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ದಟ್ಟವಾಗಿದ್ದವು. 1995ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದು ಬಂತು. ನೀವು ನಾಲ್ಕು ಪ್ಯಾರಾಗಳಲ್ಲಿ ಹೇಳಲು ಹೊರಟಿದ್ದನ್ನು ಆ ಬಿಳಿ ಬೇರು ಒಂದೇ ನೋಟದಲ್ಲಿ ತೋರಿಸುತ್ತದೆ, ಅಲ್ವಾ?

ಇನ್ನು ಉಪ್ಪು. ನನಗೆ ನಿಜಕ್ಕೂ ಬೇಸರವಾಗಿದ್ದು ಇಲ್ಲೇ. ನಿಮ್ಮ ಊರು ಸಿಂಧನೂರಿನ ಕಡೆ ಎಂದು ಪತ್ರದಲ್ಲಿ ಬರೆದಿದ್ದೀರಿ. ತುಂಗಭದ್ರಾ ಕಾಲುವೆಯ ಕೆಳಭಾಗದಲ್ಲಿ ಸವಳಾದ ಹೊಲ ನೋಡದೆ ನೀವು ಬೆಳೆದಿರಲಾರಿರಿ. ಬೇಸಿಗೆಯಲ್ಲಿ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗಾಗುವ ನೆಲ, ಅಲ್ಲಲ್ಲಿ ಬೋಳಾಗಿ ಉಳಿಯುವ ಭತ್ತದ ಗದ್ದೆ, ಬಸಿಗಾಲುವೆ, ಜಿಪ್ಸಂ ಚೀಲ. ಇದೆಲ್ಲ ನಿಮಗೆ ಗೊತ್ತು. ಆದರೂ ಲೇಖನದಲ್ಲಿ ಉಪ್ಪಿಗೆ ಸಿಕ್ಕಿದ್ದು ‘ಲವಣಾಂಶಯುಕ್ತ ಮೃತ್ತಿಕೆ’ ಎಂಬ ಎರಡು ಪದ. ‘ಸವಳು’ ಅಂತ ಬರೆಯಿರಿ. ರಾಯಚೂರಿನ ರೈತರಿಗೂ ಅರ್ಥವಾಗುತ್ತದೆ, ಚೀನಾದ ಆ ನೆಲವೂ ಕಣ್ಣಿಗೆ ಕಟ್ಟುತ್ತದೆ.

ಯಾಕೆಂದರೆ ಅಲ್ಲಿಯ ಕಥೆಯೂ ಹೆಚ್ಚುಕಡಿಮೆ ಇಂಥದ್ದೇ. ಹಳದಿ ನದಿ 1855ರಲ್ಲಿ ದಾರಿ ಬದಲಿಸಿ ಬೋಹಾಯ್ ಸಮುದ್ರದ ಕಡೆ ತಿರುಗಿತು. ಅದು ತಂದು ಸುರಿದ ಹೂಳಿನಿಂದಲೇ ಈಗಿನ ಮುಖಜಭೂಮಿ ಆಗಿದ್ದು. ಸಮುದ್ರದಿಂದ ಎದ್ದ ಹೊಸ ನೆಲ ಅದು. ಸ್ವಲ್ಪ ಅಗೆದರೆ ಉಪ್ಪುನೀರು. ಮಳೆಗಿಂತ ಆವಿಯಾಗುವ ನೀರೇ ಜಾಸ್ತಿ ಆದ್ದರಿಂದ ಆ ಉಪ್ಪು ಮೇಲಕ್ಕೆ ಏರುತ್ತಲೇ ಇರುತ್ತದೆ. 1961ರಲ್ಲಿ ಅಲ್ಲೇ ಎಣ್ಣೆ ಸಿಕ್ಕಿತು. ಇವತ್ತಿಗೂ ಜೊಂಡಿನ ನಡುವೆ ಪಂಪುಗಳು ತಲೆ ಆಡಿಸುತ್ತಿವೆ. ಎಣ್ಣೆಯ ಜೊತೆ ಭೂಮಿಯ ಆಳದಿಂದ ಉಪ್ಪುನೀರೂ ಬರುತ್ತದೆ. ಬಾವಿ ಹಳೆಯದಾದಷ್ಟೂ ಆ ನೀರಿನ ಪಾಲು ಹೆಚ್ಚು. ಪೈಪು ಒಡೆದರೆ ಎರಡೂ ಒಟ್ಟಿಗೆ ಚೆಲ್ಲುತ್ತವೆ.

ಈಗ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲದ, ಆದರೆ ಇರಲೇಬೇಕಾದ ಮಾತು. ಎಣ್ಣೆ, ಉಪ್ಪು ಎರಡೂ ಬೇರೆಬೇರೆ ಸಮಸ್ಯೆ ಅಲ್ಲ. ಒಂದು ಇನ್ನೊಂದನ್ನು ಹಿಡಿದುಕೊಂಡಿರುತ್ತದೆ. ಬರೀ ಸವಳು ಆಗಿದ್ದರೆ ಏನು ಮಾಡುತ್ತಾರೆ? ಒಳ್ಳೆ ನೀರು ನಿಲ್ಲಿಸಿ, ಉಪ್ಪನ್ನು ಕರಗಿಸಿ, ಬಸಿಗಾಲುವೆಗೆ ಬಿಡುತ್ತಾರೆ. ಸೋಡಿಯಂ ಹೆಚ್ಚಿದ್ದರೆ ಜಿಪ್ಸಂ ಹಾಕುತ್ತಾರೆ. ಆದರೆ ಎಣ್ಣೆ ಮೆತ್ತಿದ ಮಣ್ಣು ನೀರನ್ನೇ ಒಳಗೆ ಬಿಡುವುದಿಲ್ಲ. ಹನಿ ಮೇಲೇ ಮಣಿಯಂತೆ ನಿಲ್ಲುತ್ತದೆ. ಹಾಗಾಗಿ ಎಣ್ಣೆ ಕಡಿಮೆಯಾಗದೆ ಉಪ್ಪು ಬಸಿಯುವುದಿಲ್ಲ. ಎಣ್ಣೆ ಕಡಿಮೆ ಮಾಡಬೇಕಾದ ಬ್ಯಾಕ್ಟೀರಿಯಾಗಳಿಗೋ ಉಪ್ಪು ಜಾಸ್ತಿಯಾದರೆ ಕೆಲಸ ಸಾಗುವುದಿಲ್ಲ. ಸೋಡಿಯಂ ಮಣ್ಣಿನ ಕಣಗಳನ್ನು ಚೆದುರಿಸಿ ಗಾಳಿಯ ದಾರಿಯನ್ನೂ ಮುಚ್ಚುತ್ತದೆ. ಇದರ ಮೇಲೆ ಗೊಬ್ಬರದ ಪ್ರಶ್ನೆ. ಎಣ್ಣೆಯಲ್ಲಿ ಇಂಗಾಲ ತುಂಬಿದೆ, ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಎಣ್ಣೆ ತಿನ್ನುವ ಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನೆಲ್ಲ ಎಳೆದುಕೊಳ್ಳುತ್ತವೆ, ಗಿಡ ಹಳದಿಯಾಗುತ್ತದೆ. ಅದಕ್ಕೆಂದು ಒಂದೇ ಸಲ ಗೊಬ್ಬರ ಸುರಿದರೆ ಮಣ್ಣಿನ ನೀರಿನಲ್ಲಿ ಉಪ್ಪು ಇನ್ನೂ ಏರುತ್ತದೆ. ಆದ್ದರಿಂದ ಸ್ವಲ್ಪಸ್ವಲ್ಪ, ಹಲವು ಸಲ ಕೊಡಬೇಕು.

ಈ ಗಂಟನ್ನು ಒಂದು ಕಡೆಯಿಂದ ಸಡಿಲಿಸಬಲ್ಲದ್ದು ಬೇರು. ಅದು ಗಾಳಿಗೂ ದಾರಿ ಮಾಡುತ್ತದೆ, ನೀರಿಗೂ ದಾರಿ ಮಾಡುತ್ತದೆ. ನೀವು ಬರೆಯಬೇಕಾದ ಲೇಖನ ಇದೇ. ಉಳಿದದ್ದೆಲ್ಲ ಇದರ ಸುತ್ತ ಬರಲಿ.

‘ಆರೇ ತಿಂಗಳಲ್ಲಿ ಭೂಮಿ ಪುನರ್ಜನ್ಮ ಪಡೆಯುತ್ತದೆ’ ಎಂಬ ಸಾಲನ್ನು ದಯವಿಟ್ಟು ಹೊಡೆದುಹಾಕಿ. ಹಗುರವಾದ ಭಾಗ ಆವಿಯಾಗುತ್ತದೆ, ಸುಲಭದ ಭಾಗವನ್ನು ಬ್ಯಾಕ್ಟೀರಿಯಾ ಬೇಗ ತಿನ್ನುತ್ತದೆ. ಡಾಂಬರಿನಂಥ ಭಾರದ ಭಾಗ ವರ್ಷಗಟ್ಟಲೆ ಉಳಿಯುತ್ತದೆ. ಇಂಧನದ ಬೆಳೆ ಬೇಕಾಗುವುದು ಅದಕ್ಕೇ. ಆ ನೆಲದಲ್ಲಿ ಊಟದ ಬೆಳೆ ಹಾಕುವಂತಿಲ್ಲ. ವರ್ಷಗಟ್ಟಲೆ ಕಾಯುವ ರೈತನಿಗೆ ನಡುವೆ ಏನಾದರೂ ಕೈಗೆ ಸಿಗಬೇಕು. ಈ ಕಾರಣ ನಿಮ್ಮ ಲೇಖನದ ಕೊನೆಯಲ್ಲಿ ಎಲ್ಲೋ ಮೂಲೆಯಲ್ಲಿದೆ, ಮುಂದಕ್ಕೆ ತನ್ನಿ.

ಉಪ್ಪಿನ ಬಗ್ಗೆ ಒಂದು ಲೆಕ್ಕವನ್ನೂ ಹಾಕಿ. ಎಣ್ಣೆ ಒಡೆದು ಹೋಗುತ್ತದೆ, ಉಪ್ಪು ಒಡೆಯುವುದಿಲ್ಲ. ಅದು ಜಾಗ ಬದಲಿಸುತ್ತದೆ ಅಷ್ಟೇ. ಒಂದು ಎಕರೆ, ಒಂದಡಿ ಆಳ ಎಂದರೆ ಸುಮಾರು 1,600 ಟನ್ ಮಣ್ಣು. ಅದರಲ್ಲಿ ನೂರು ಪಾಲಿಗೆ ಅರ್ಧ ಪಾಲು, ಅಂದರೆ ಶೇಕಡಾ 0.5 ಉಪ್ಪು ಇದೆ ಅಂದುಕೊಳ್ಳಿ, 8 ಟನ್ ಆಯಿತು. ಉಪ್ಪು ಹೀರುವ ಗಿಡವನ್ನೇ ಬೆಳೆದು, ಎಕರೆಗೆ 4 ಟನ್ ಒಣ ಸೊಪ್ಪು ಕೊಯ್ದು, ಅದರ ಕಾಲುಭಾಗ ಉಪ್ಪು ಎಂದರೂ ಹೊರಗೆ ಹೋಗುವುದು 1 ಟನ್. ಅಷ್ಟರಲ್ಲಿ ಕೆಳಗಿನಿಂದ ಹೊಸ ಉಪ್ಪು ಬಂದಿರುತ್ತದೆ. ಬಸಿಗಾಲುವೆ ಇಲ್ಲದೆ ಬರೀ ಬೆಳೆಯಿಂದ ಸವಳು ಹೋಗುತ್ತದೆ ಎಂದು ಬರೆದರೆ ನಿಮ್ಮ ಊರಿನವರೇ ಒಪ್ಪುವುದಿಲ್ಲ.

ಕೊಯ್ಲು ಆದಮೇಲೆ ಏನು ಅಂತಲೂ ನೀವು ಹೇಳಿಲ್ಲ. ಉಪ್ಪು ಹೀರಿದ ಗಿಡವನ್ನು ಬಾಯ್ಲರಿನಲ್ಲಿ ಸುಟ್ಟರೆ ಸೋಡಿಯಂ, ಕ್ಲೋರಿನ್ ಸೇರಿ ಬೂದಿ ಕರಗಿ ಅಂಟಿಕೊಳ್ಳುತ್ತದೆ, ಕೊಳವೆಗಳು ತುಕ್ಕು ಹಿಡಿಯುತ್ತವೆ. ಉಪ್ಪನ್ನು ಚೆನ್ನಾಗಿ ಹೀರುವ ಗಿಡ ಒಳ್ಳೆಯ ಸೌದೆ ಅಲ್ಲ. ಸಿಹಿ ಜೋಳದ ರಸದಿಂದ ಎಥನಾಲ್ ಮಾಡುವುದು ಇನ್ನೊಂದು ದಾರಿ. ಅಂದಹಾಗೆ, ನೀವು ಸುಮ್ನೆ ‘ಸಿಹಿ ಜೋಳ’ ಅಂತ ಬರೆದರೆ ಓದುಗರಿಗೆ ನೆನಪಾಗುವುದು ಕಪ್ಪಿನಲ್ಲಿ ಮಾರುವ ಸ್ವೀಟ್ ಕಾರ್ನ್. ಇದು ಅದಲ್ಲ, ನಮ್ಮ ರೊಟ್ಟಿಯ ಜೋಳದ ಜಾತಿಯದ್ದೇ, ದಂಟಿನಲ್ಲಿ ಕಬ್ಬಿನ ಹಾಗೆ ರಸ ಇರುತ್ತದೆ ಎಂದು ಒಂದು ಸಾಲು ಸೇರಿಸಿ. ಜೋಳ ಸ್ವಲ್ಪಮಟ್ಟಿಗೆ ಸವಳು ತಡೆಯುತ್ತದೆ, ತೀರಾ ಕೆಟ್ಟ ನೆಲದಲ್ಲಿ ಮೊಳಕೆಯೇ ಬರುವುದಿಲ್ಲ. ಅಂಥ ಕಡೆ ಮೊದಲು ಜೊಂಡು, ಉಪ್ಪು ನೆಲದಲ್ಲೇ ಬೆಳೆಯುವ ಸುಯೇಡಾ ಗಿಡದಂಥವೇ ಬರಬೇಕು.

ನಿಮ್ಮ ಸುಯೇಡಾ ಪ್ಯಾರಾ ನನಗೆ ತುಂಬಾ ಹಿಡಿಸಿತು. ಶರತ್ಕಾಲದಲ್ಲಿ ಸಮುದ್ರದಂಚಿನ ಆ ಬಯಲು ಪೂರ್ತಿ ಕೆಂಪಾಗುತ್ತದೆ, ಎಲೆ ಬಾಯಿಗೆ ಹಾಕಿದರೆ ಉಪ್ಪುಪ್ಪು ಎಂದು ಬರೆದಿದ್ದೀರಲ್ಲ, ಅದರಲ್ಲಿ ಒಂದು ಪದವೂ ಹೆಚ್ಚಿಲ್ಲ. ‘ಭೂತಾಯಿಯ ಆರ್ತನಾದ’ದಿಂದ ಶುರುವಾಗುವ ಮೊದಲ ಎರಡು ಪ್ಯಾರಾ ತೆಗೆದು, ಇದರಿಂದಲೇ ಆರಂಭಿಸಿ.

ಬರೆಯುವ ಮೊದಲು ಒಂದು ಕೆಲಸ ಮಾಡಿ. ನಿಮ್ಮೂರಿನ ಸವಳು ಹೊಲಕ್ಕೆ ಸಲಿಕೆ ಹಿಡಿದು ಹೋಗಿ. ಬೋಳು ಜಾಗದಲ್ಲಿ ಒಂದು ಹೆಂಟೆ, ಹುಲ್ಲು ಬಂದ ಜಾಗದಲ್ಲಿ ಒಂದು ಹೆಂಟೆ ಎತ್ತಿ ಒಡೆದು ನೋಡಿ. ಎರಡರ ಮೇಲೂ ನೀರು ಹಾಕಿ, ಎಷ್ಟು ಹೊತ್ತಿಗೆ ಇಂಗುತ್ತದೆ ಅಂತ ಬರೆದುಕೊಳ್ಳಿ. ಅಲ್ಲಿ ಎಣ್ಣೆ ಇಲ್ಲ, ನಿಜ. ಆದರೆ ಬೇರು ಮಣ್ಣಿಗೆ ಏನು ಮಾಡುತ್ತದೆ ಎಂಬುದು ಕೈಗೆ ಸಿಗುತ್ತದೆ. ಆ ಟಿಪ್ಪಣಿಯನ್ನು ಹೊಸ ಪ್ರತಿಯ ಜೊತೆ ನನಗೂ ಕಳಿಸಿ.

ಪ್ರೀತಿಯಿಂದ,
ಸಂಪಾದಕ