ಅತ್ತೆ ಮನೆ ಹಿರಿಯರು ವಾಷಿಂಗ್ಟನ್ ಸೈನ್ಯದಲ್ಲಿದ್ರು ಅಂತಾರೆ, ನಿಜಾನಾ ಅಂತ ಪತ್ತೆ ಹಚ್ಚೋದು ಹೇಗೆ?

ನಿಮ್ಮ ಯಜಮಾನ್ರು ಅಮೆರಿಕದವರು, ನಿಮ್ಮತ್ತೆ ಮೊಮ್ಮಗಳಿಗೆ "ನಮ್ಮ ವಂಶದ ಹಿರಿಯರೊಬ್ರು ಜಾರ್ಜ್ ವಾಷಿಂಗ್ಟನ್ ಜೊತೆ ವ್ಯಾಲಿ ಫೋರ್ಜಲ್ಲಿ ಇದ್ರು" ಅಂತ ಕಥೆ ಹೇಳ್ತಾರೆ, ನಿಮ್ಮ ಕೈಲಿರೋದು ಒಂದು ಹೆಸರು ಅಷ್ಟೇ, ಎಲ್ಲಿಂದ ಶುರು ಮಾಡ್ಲಿ ಅಂತ ಕೇಳಿದೀರಿ. ವ್ಯಾಲಿ ಫೋರ್ಜ್ ಅಂದ್ರೆ ಬ್ರಿಟಿಷರ ವಿರುದ್ಧದ ಸ್ವಾತಂತ್ರ್ಯ ಯುದ್ಧದಲ್ಲಿ ವಾಷಿಂಗ್ಟನ್ ಸೈನ್ಯ ಬೀಡುಬಿಟ್ಟಿದ್ದ ಪೆನ್ಸಿಲ್ವೇನಿಯಾದ ಜಾಗ. ನಮ್ಮ ಸೊಸೇನೂ ಅಲ್ಲಿಯವಳೇ, ಪೆನ್ಸಿಲ್ವೇನಿಯಾದವಳು. ಮಗನ ಮನೇಗೆ ಹೋದಾಗ ಹೊರಗೆ ಹಿಮ ಬೀಳ್ತಿರತ್ತೆ, ಮಾಡೋಕೆ ಏನೂ ಇರಲ್ಲ, ಹಂಗಾಗಿ ಅವಳ ಮನೆತನ ಹುಡುಕೋ ಕೆಲಸ ಹಿಡಿದೆ. ನಾನು ಸರ್ವೀಸಲ್ಲಿದ್ದಿದ್ದು ಖಜಾನೆ ಇಲಾಖೆಯಲ್ಲಿ, ಅದರಲ್ಲಿ ಬಹುಪಾಲು ಪೆನ್ಷನ್ ಫೈಲುಗಳ ಮಧ್ಯೇನೇ ಕಳೆದಿದ್ದು. ಇನ್ನೂರು ವರ್ಷದ ಹಿಂದಿನ ಅಮೆರಿಕದ ಪೆನ್ಷನ್ ಫೈಲ್ ಓದಿದಾಗ ತವರಿಗೆ ಬಂದಂಗಾಯ್ತು ನೋಡಿ. ಅದೇ ಅಫಿಡವಿಟ್ಟು, ಅದೇ ಸಾಕ್ಷಿ ಸಹಿ, "ಒದಗಿಸಿರುವ ದಾಖಲೆ ಸಾಲದು" ಅಂತ ಅದೇ ಹಿಂಬರಹ.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ಕೇಳೋಕೆ ಒಂಥರಾ ಅನ್ಸಬಹುದು. ನಿಮ್ಮ ಆ ಹಿರಿಯರು ಮುದಿ ವಯಸ್ಸಲ್ಲಿ ಬಡವರಾಗಿದ್ರೆ, ಇಲ್ಲಾ ಅವರ ಹೆಂಡತಿ ಅವರಿಗಿಂತ ತುಂಬಾ ವರ್ಷ ಹೆಚ್ಚು ಬದುಕಿದ್ರೆ, ಅಥವಾ ಸರ್ಕಾರ ಪೆನ್ಷನ್ ಅರ್ಜಿ ತಿರಸ್ಕಾರ ಮಾಡಿ ಓಡಾಡಿಸಿದ್ರೆ, ನಿಮ್ಮ ಅದೃಷ್ಟ. ಅನುಕೂಲಸ್ಥ ಆಗಿದ್ದವನದ್ದು ಎರಡು ಕ್ರಯಪತ್ರ, ಒಂದು ಉಯಿಲು ಸಿಗತ್ತೆ ಅಷ್ಟೇ. ಕಷ್ಟಪಟ್ಟವನದ್ದು ಇಡೀ ಬದುಕೇ ಫೈಲಲ್ಲಿ ಕೂತಿರತ್ತೆ.

ಆದ್ರೆ ಸೀದಾ ಆ ಫೈಲಿಗೆ ಕೈ ಹಾಕ್ಬೇಡಿ, ಮೊದ್ಲು ಅತ್ತೆಯಿಂದ ಶುರು ಮಾಡಿ. ಅವರ ಅಪ್ಪ ಅಮ್ಮ, ಅವರ ಅಪ್ಪ ಅಮ್ಮ, ಹಿಂಗೆ ಒಂದೊಂದೇ ತಲೆಮಾರು ಹಿಂದಕ್ಕೆ, ಪ್ರತಿ ಕೊಂಡಿಗೂ ಒಂದು ಕಾಗದ ಬೇಕು. ಜನಗಣತಿ ಹಾಳೆಗಳು ದಾರಿ ತೋರಿಸ್ತವೆ, 1880ರದ್ದು ತುಂಬಾ ಒಳ್ಳೇದು, ಮನೆ ಯಜಮಾನನಿಗೆ ಯಾರು ಏನಾಗ್ಬೇಕು, ಅಪ್ಪ ಅಮ್ಮ ಹುಟ್ಟಿದ ರಾಜ್ಯ ಯಾವ್ದು ಅಂತೆಲ್ಲ ಇರತ್ತೆ. 1890ರದ್ದು ಸಿಗಲಿಲ್ಲ ಅಂತ ತಲೆ ಕೆಡಿಸ್ಕೋಬೇಡಿ, 1921ರಲ್ಲಿ ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆ ಕಟ್ಟಡಕ್ಕೆ ಬೆಂಕಿ ಬಿದ್ದು ಹಾಳಾಗಿ ಕೊನೆಗೆ ಬಹುತೇಕ ಎಲ್ಲಾ ಹೋಯ್ತು. ಹಿಂಗೆ 1850ರ ತನಕ ಹೋಗಬಹುದು, ಮನೇಲಿರೋ ಸ್ವತಂತ್ರ ಜನರೆಲ್ಲರ ಹೆಸರು ಬರೆದಿದ್ದು ಅದರಲ್ಲೇ ಮೊದಲು. ಅದಕ್ಕಿಂತ ಹಿಂದಕ್ಕೆ, ಅಂದ್ರೆ 1790ರಿಂದ 1840ರ ತನಕ, ಯಜಮಾನನ ಹೆಸರು ಮಾತ್ರ, ಮಿಕ್ಕವರೆಲ್ಲ ಇಷ್ಟು ಗಂಡಸರು ಇಷ್ಟು ಹೆಂಗಸರು ಅಂತ ಬರೀ ಅಂಕಿ, ಗುಲಾಮರಾಗಿದ್ದವರೂ ಹಂಗೇ ಒಂದು ಕಾಲಮ್ಮಲ್ಲಿ ಅಂಕಿಯಾಗಿ ಕೂತಿದಾರೆ. ಇಲ್ಲೇ ಎಲ್ಲರೂ ಸಿಕ್ಕಾಕೊಳ್ಳೋದು. ಇಲ್ಲಿಂದ ಹಿಂದಕ್ಕೆ ಕೌಂಟಿ (ನಮ್ಮ ಜಿಲ್ಲೆ ಥರ) ಕೋರ್ಟಿನ ಉಯಿಲು, ಆಸ್ತಿ ಪಾಲಿನ ಪತ್ರ, ತೆರಿಗೆ ಪಟ್ಟಿ, ಚರ್ಚಿನ ರಿಜಿಸ್ಟರ್ ಇವೇ ಗತಿ. ಫ್ಯಾಮಿಲಿಸರ್ಚ್ ಅನ್ನೋ ವಂಶಾವಳಿ ಹುಡುಕೋ ಸೈಟಲ್ಲಿ ಅಕೌಂಟ್ ಫ್ರೀ, ಈಗ ಅದರಲ್ಲಿ ಕೈಬರಹದ ಉಯಿಲುಗಳನ್ನೂ ಕಂಪ್ಯೂಟರ್ರೇ ಓದಿ ಹೆಸರು ಹುಡುಕಿ ಕೊಡೋ ಫುಲ್ ಟೆಕ್ಸ್ಟ್ ಸರ್ಚ್ ಬಂದಿದೆ, ದಯವಿಟ್ಟು ಅದನ್ನ ಬಳಸಿ, ಉಯಿಲಲ್ಲಿ "ನನ್ನ ಮಗಳು ಇಂಥವನ ಹೆಂಡತಿ ಇಂಥವಳಿಗೆ" ಅಂತ ಒಂದು ಸಾಲು ಸಿಕ್ಕಿದ್ರೆ ಎರಡು ತಲೆಮಾರು ಒಟ್ಟಿಗೆ ಸೇರ್ಕೊಳ್ತವೆ.

ಈಗ ಸೈನ್ಯದ ದಾಖಲೆ. ಈ ಸ್ವಾತಂತ್ರ್ಯ ಯುದ್ಧ ನಡೆದಿದ್ದು 1775ರಿಂದ 1783, ಆದ್ರೆ ಯುದ್ಧ ಇಲಾಖೆ ಆಫೀಸಿಗೆ 1800ರ ನವೆಂಬರಲ್ಲಿ ಬೆಂಕಿ ಬಿತ್ತು, ಆಮೇಲೆ 1814ರಲ್ಲಿ ಬ್ರಿಟಿಷರು ವಾಷಿಂಗ್ಟನ್ ಊರಿನ ಸರ್ಕಾರಿ ಕಟ್ಟಡಗಳನ್ನ ಸುಟ್ರು, ಹಂಗಾಗಿ ಮೂಲ ದಾಖಲೆ ಎಷ್ಟೋ ಹೋಗಿದೆ. ಉಳಿದ ಹಾಜರಿ ಪಟ್ಟಿ, ಸಂಬಳ ಪಟ್ಟಿಗಳನ್ನ ಎಷ್ಟೋ ದಶಕ ಆದ್ಮೇಲೆ ಗುಮಾಸ್ತರು ಒಬ್ಬೊಬ್ಬ ಸೈನಿಕನ ಹೆಸರಲ್ಲಿ ಕಾರ್ಡುಗಳಿಗೆ ಇಳಿಸಿದ್ರು, ಅದೇ ಈಗ ಸರ್ವೀಸ್ ರೆಕಾರ್ಡ್ ಅಂತ ಸಿಗೋದು. ಅದರಲ್ಲಿ ಹೆಸರು, ರೆಜಿಮೆಂಟು, ಯಾವ ತಿಂಗಳು ಹಾಜರಿದ್ದ ಅನ್ನೋದು ಬಿಟ್ರೆ ಅಪ್ಪ ಯಾರು ಊರು ಯಾವ್ದು ಅಂತ ಸಾಮಾನ್ಯವಾಗಿ ಇರಲ್ಲ, ಅದೇ ಹೆಸರಿನವರು ಹತ್ತು ಜನ ಇದ್ರೆ ನಿಮ್ಮವರು ಯಾರು ಅಂತ ಆ ಕಾರ್ಡು ಹೇಳಲ್ಲ.

ಪೆನ್ಸಿಲ್ವೇನಿಯಾ ಆದ್ರೆ ಇನ್ನೊಂದು ಗೊಂದಲ. ಅಲ್ಲಿ 1777ರ ಕಾನೂನಿನ ಪ್ರಕಾರ 18ರಿಂದ 53 ವಯಸ್ಸಿನ ಬಿಳಿ ಗಂಡಸರೆಲ್ಲ ಮಿಲಿಷಿಯಾ, ಅಂದ್ರೆ ಬೇಕಾದಾಗ ಕರೆಯೋ ಊರವರ ಪಡೆ, ಅದರ ಪಟ್ಟೀಲಿ ಹೆಸರು ಹಚ್ಚಲೇಬೇಕಿತ್ತು, ಪ್ರತಿ ಕಂಪನೀನ ಎಂಟು ತಂಡ ಮಾಡಿ ಸರದಿ ಮೇಲೆ ಎರಡೆರಡು ತಿಂಗಳಿಗೆ ಕರೀತಿದ್ರು. ಹಂಗಾಗಿ ಪಟ್ಟೀಲಿ ಹೆಸರಿದೆ ಅಂದ ತಕ್ಷಣ ಕೋವಿ ಹಿಡಿದು ಹೋದ ಅಂತಲ್ಲ, ದಂಡ ಕಟ್ಟಿ ಮನೇಲಿದ್ದವರೂ ಇದ್ರು, ಬದಲಿ ಆಳು ಕಳಿಸಿದವರೂ ಇದ್ರು. ಇನ್ನು ವ್ಯಾಲಿ ಫೋರ್ಜ್ ಶಿಬಿರ ಇದ್ದಿದ್ದು 1777ರ ಡಿಸೆಂಬರ್ 19ರಿಂದ 1778ರ ಜೂನ್ 19ರ ತನಕ, ಅಲ್ಲಿದ್ದವರ ಹಾಜರಿ ಪಟ್ಟಿ ಆನ್‌ಲೈನಲ್ಲೇ ಇದೆ, ಹೆಸರು ಹಾಕಿ ನೋಡಿ. ಆದ್ರೆ ನಂಗೆ ಪರಿಚಯ ಆದ ಅಮೆರಿಕದ ಹಳೇ ಮನೆತನದವರೆಲ್ಲ ತಮ್ಮ ಹಿರಿಯರು ವ್ಯಾಲಿ ಫೋರ್ಜಲ್ಲೇ ಇದ್ರು ಅಂತಾರಪ್ಪ, ಬೇರೆ ಕಡೆ ಯಾರಾದ್ರೂ ಯುದ್ಧ ಮಾಡಿದ್ರೋ ಇಲ್ವೋ!

ಪೆನ್ಷನ್ ಫೈಲ್ ವಿಷಯಕ್ಕೆ ಬರ್ತೀನಿ, ನಂಗೆ ಇಷ್ಟವಾದ ಜಾಗ. ಸುಮಾರು 80,000 ಫೈಲುಗಳು ಉಳಿದಿವೆ, ನ್ಯಾಷನಲ್ ಆರ್ಕೈವ್ಸ್ (ಅಮೆರಿಕ ಸರ್ಕಾರದ ದಾಖಲೆ ಭಂಡಾರ) ಕ್ಯಾಟಲಾಗಲ್ಲಿ ಸ್ಕ್ಯಾನ್ ಫ್ರೀಯಾಗಿ ನೋಡಬಹುದು, ಜನ ಸ್ವಯಂಸೇವಕರಾಗಿ ಕೂತು ಟೈಪ್ ಮಾಡ್ತಾನೂ ಇದಾರೆ. ನಂಬರ್ ಮುಂದೆ ಎಸ್ ಇದ್ರೆ ಸೈನಿಕನದ್ದು, ಡಬ್ಲ್ಯೂ ಇದ್ರೆ ವಿಧವೆಯದ್ದು, ಆರ್ ಇದ್ರೆ ತಿರಸ್ಕಾರ ಆಗಿದ್ದು. ಕೆಲವು ಕಡೆ ಆಯ್ದ ಪುಟಗಳು ಮಾತ್ರ ಸಿಗ್ತವೆ, ಅಷ್ಟಕ್ಕೇ ಮುಗೀತು ಅನ್ಕೋಬೇಡಿ, ಪೂರ್ತಿ ಫೈಲ್ ತೆಗೀರಿ.

ಯಾವ ಕಾನೂನಲ್ಲಿ ಅರ್ಜಿ ಹಾಕಿದ್ರು ಅನ್ನೋದು ಮುಖ್ಯ, ಯಾಕಂದ್ರೆ ಕಾನೂನು ಏನು ಕೇಳ್ತೋ ಅದೇ ಫೈಲಲ್ಲಿರತ್ತೆ. 1818ರದ್ದು ಬಡವರಿಗೆ, ಖಾಯಂ ಸೈನ್ಯದಲ್ಲಿ 9 ತಿಂಗಳು ಅಥವಾ ಯುದ್ಧ ಮುಗಿಯೋ ತನಕ ಇದ್ದವರಿಗೆ, ಸಿಪಾಯಿಗೆ ತಿಂಗಳಿಗೆ 8 ಡಾಲರ್. ಎಣಿಸಿದ್ದಕ್ಕಿಂತ ಜಾಸ್ತಿ ಜನ ಬಂದ್ಬಿಟ್ರು, ಸುಳ್ಳು ಹೇಳಿದಾರೆ ಅಂತ ಗಲಾಟೆ ಆಯ್ತು, 1820ರಲ್ಲಿ ಎಲ್ಲರೂ ಆಸ್ತಿ ಪಟ್ಟಿ ಕೊಡಿ ಅಂದ್ರು. ನಮ್ಮ ಭಾಗ್ಯ ಅದು! ಜೋಸೆಫ್ ಪ್ಲಂಬ್ ಮಾರ್ಟಿನ್ ಅಂತ ಒಬ್ಬ ಸಿಪಾಯಿ, ಹುಡುಗನಾಗಿದ್ದಾಗ 1776ರಲ್ಲಿ ಸೇರಿ ಯುದ್ಧ ಮುಗಿಯೋ ತನಕ ಇದ್ದವನು, ಆಮೇಲೆ ಮೇನ್ ರಾಜ್ಯದ ಪ್ರಾಸ್ಪೆಕ್ಟ್ ಅನ್ನೋ ಊರಲ್ಲಿ ನೆಲೆಸಿದ. ಅವನು ಕೊಟ್ಟ ಪಟ್ಟಿ ಏನು ಗೊತ್ತಾ, ಹಾಸಿಗೆ ಬಟ್ಟೆ ಬಿಟ್ರೆ ಎರಡು ಹಸು, ಆರು ಕುರಿ, ಒಂದು ಹಂದಿ. ಜೊತೆಗೆ ಹೆಂಡತಿಗೆ ಸಂಧಿವಾತ, ಐದು ಮಕ್ಕಳು ಅಂತಾನೂ ಬರೆಸಿದ್ದ. ಯಾವ ಜನಗಣತಿ ಇಷ್ಟು ಹೇಳತ್ತೆ ಹೇಳಿ?

1832ರ ಕಾನೂನಲ್ಲಿ ಬಡತನ ತೋರಿಸ್ಬೇಕಾಗಿರಲಿಲ್ಲ, 6 ತಿಂಗಳು ಸೇವೆ ಸಾಕು, ಮಿಲಿಷಿಯಾದವರಿಗೂ ಉಂಟು. ಆದ್ರೆ ಕೋರ್ಟಲ್ಲಿ ನಿಂತು ಎಲ್ಲಿ ಹುಟ್ಟಿದ್ದು, ವಯಸ್ಸಿಗೆ ದಾಖಲೆ ಏನು, ಕರೆ ಬಂದಾಗ ಯಾವ ಊರಲ್ಲಿದ್ದೆ, ಆಮೇಲೆ ಎಲ್ಲೆಲ್ಲಿ ವಾಸ ಮಾಡ್ದೆ, ತಾನಾಗೇ ಸೇರಿದ್ದಾ ಬದಲಿಯಾಗಿ ಹೋಗಿದ್ದಾ, ಎಲ್ಲಾ ಹೇಳ್ಬೇಕು. ಎಪ್ಪತ್ತು ಎಂಬತ್ತು ದಾಟಿದ ಮುದುಕರು, ಐವತ್ತು ವರ್ಷದ ಹಿಂದಿನದನ್ನ ನೆನೆಸಿಕೊಂಡು ಹೇಳಿದ್ದು, ಇಸವಿ ಒಂದೆರಡು ಆಚೆ ಈಚೆ ಆಗಿರತ್ತೆ, ಅದಕ್ಕೆ ಸುಳ್ಳು ಅಂತ ತಳ್ಳಿಹಾಕ್ಬೇಡಿ, ಹೆಸರು ಹೇಳಿರೋ ಕ್ಯಾಪ್ಟನ್ ಯಾರು ಅಂತ ಹಿಡ್ಕೊಂಡು ಹೋಗಿ. ಎಷ್ಟೋ ಹೇಳಿಕೆಗಳಲ್ಲಿ ಕೊನೆಗೆ ಯಾರ್ಕ್‌ಟೌನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಶರಣಾದ 1781ರ ಕಥೆ ಬರತ್ತೆ. ಹೌದು, ಹತ್ತು ವರ್ಷ ಆದ್ಮೇಲೆ 1791ರಲ್ಲಿ ನಮ್ಮ ಬೆಂಗಳೂರು ಕೋಟೆಗೆ ನುಗ್ಗಿದ ಅದೇ ಕಾರ್ನ್‌ವಾಲಿಸ್. ಅಷ್ಟೇ ಅಲ್ಲ, ಪೆನ್ಸಿಲ್ವೇನಿಯಾದವರು ಒಂದು ಯುದ್ಧದ ಹಡಗಿಗೆ ನಮ್ಮ ಹೈದರ್ ಅಲಿ ಹೆಸರೇ ಇಟ್ಟಿದ್ರು, 1782ರ ಏಪ್ರಿಲಲ್ಲಿ ಡೆಲವೇರ್ ಕೊಲ್ಲೀಲಿ ಅದು ಜನರಲ್ ಮಂಕ್ ಅನ್ನೋ ಬ್ರಿಟಿಷ್ ಹಡಗನ್ನ ಹಿಡೀತು. ಹೈದರ್ ಕೂಡ ಬ್ರಿಟಿಷರ ವಿರುದ್ಧ ಹೋರಾಡ್ತಿದ್ದ ಅನ್ನೋ ಅಭಿಮಾನ ಅವರಿಗೆ. ನಿಮ್ಮವರು ನಾವಿಕರಾಗಿದ್ದು ದಾಖಲೇಲಿ "ಹೈದರ್ ಅಲಿ" ಅಂತ ಕಂಡ್ರೆ ಗಾಬರಿ ಆಗ್ಬೇಡಿ.

ವಿಧವೆಯರ ಫೈಲು ಇನ್ನೂ ಚೆನ್ನ. 1836ರಲ್ಲಿ, ಸೇವೆ ಮುಗಿಯೋ ಮೊದಲೇ ಮದುವೆ ಆದವರಿಗೆ ಮಾತ್ರ ಅಂದ್ರು, 1838ರಲ್ಲಿ 1794ಕ್ಕೆ ಮುಂಚೆ ಮದುವೆ ಆಗಿದ್ರೆ ಸಾಕು ಅಂದ್ರು, 1853ಕ್ಕೆ ಆ ಕಟ್ಟೂ ತೆಗೆದ್ರು. ಮದುವೆ ಆಗಿದ್ದಕ್ಕೆ ಪುರಾವೆ ಬೇಕಲ್ಲ, ರಿಜಿಸ್ಟರ್ ಇಲ್ಲದೋರು ಮನೆ ಬೈಬಲ್ಲಲ್ಲಿ ಮದುವೆ, ಮಕ್ಕಳು ಹುಟ್ಟಿದ ದಿನ ಬರೆದಿಟ್ಟ ಹಾಳೇನೇ ಹರಿದು ಕಳಿಸಿಬಿಟ್ರು, ಅವು ಇವತ್ತಿಗೂ ಫೈಲಲ್ಲಿವೆ. ನಿಮ್ಮತ್ತೆ ಮನೇಲಿ ಹಳೇ ಬೈಬಲ್ ಇದ್ದು ಮಧ್ಯದ ಹಾಳೆ ಇಲ್ಲ ಅಂದ್ರೆ ಎಲ್ಲಿ ಹುಡುಕ್ಬೇಕು ಗೊತ್ತಾಯ್ತಲ್ಲ. ಕೊನೆಯ ವಿಧವೆ ಪಿಂಚಣಿದಾರಳು, ವರ್ಮಾಂಟಿನ ಎಸ್ತರ್ ಡೇಮನ್, ತೀರ್ಕೊಂಡಿದ್ದು 1906ರಲ್ಲಿ! ಇಪ್ಪತ್ತು ದಾಟಿದ ಹುಡುಗಿ ಎಪ್ಪತ್ತು ದಾಟಿದ ಮುದುಕನ್ನ 1835ರಲ್ಲಿ ಮದುವೆ ಆಗಿದ್ಳು.

ವಿಧವೆ ಅಂದೆ, ವಿಧುರನೂ ಇದಾನೆ. ಡೆಬೊರಾ ಸ್ಯಾಂಪ್ಸನ್ ಗಂಡು ವೇಷ ಹಾಕಿ, ರಾಬರ್ಟ್ ಅಂತ ಹೆಸರು ಬರೆಸಿ 1782ರಲ್ಲಿ ಮ್ಯಾಸಚೂಸೆಟ್ಸ್ ರೆಜಿಮೆಂಟಿಗೆ ಸೇರಿದ್ಳು. ಮುಂದೆ ಪೆನ್ಷನ್‌ಗೆ ಅಲೆದಾಡ್ಬೇಕಾಯ್ತು, 1804ರಲ್ಲಿ ಪಾಲ್ ರೆವೀರ್ ಅನ್ನೋ ಆ ಯುದ್ಧದ ಕಾಲದ ಹೆಸರಾಂತ ದೇಶಭಕ್ತ ಅವಳ ಪರವಾಗಿ ಪತ್ರ ಬರೆದ, ಮಾರನೇ ವರ್ಷ ತಿಂಗಳಿಗೆ 4 ಡಾಲರ್ ಸಿಕ್ತು. ಅವಳು 1827ರಲ್ಲಿ ಹೋದ್ಮೇಲೆ ಗಂಡ ಬೆಂಜಮಿನ್ ಗ್ಯಾನೆಟ್ "ಸೈನಿಕಳ ಗಂಡ" ಅಂತ ಅರ್ಜಿ ಹಾಕಿದ, ಕಾನೂನಲ್ಲಿ ಅಂಥ ಕಾಲಮ್ಮೇ ಇಲ್ಲ, ಅವನೂ ತೀರಿಕೊಂಡ ಮೇಲೆ 1838ರಲ್ಲಿ ಕಾಂಗ್ರೆಸ್ ವಾರಸುದಾರರಿಗೆ ದುಡ್ಡು ಮಂಜೂರು ಮಾಡ್ತು. ಅದಕ್ಕೇ ಹೇಳೋದು, ಗಂಡಸರ ಹೆಸರಲ್ಲಿ ಮಾತ್ರ ಹುಡುಕಬೇಡಿ.

ಆರ್ ಅಂತ ಇರೋ ಫೈಲ್ ಸಿಕ್ರೆ ಬಿಡ್ಲೇಬೇಡಿ. ಜೆಹು ಗ್ರಾಂಟ್ ಅನ್ನೋ ಗುಲಾಮ 1777ರಲ್ಲಿ ರೋಡ್ ಐಲೆಂಡಿನ ತನ್ನ ಧಣಿಯಿಂದ ತಪ್ಪಿಸಿಕೊಂಡು ಅಮೆರಿಕದ ಸೈನ್ಯ ಸೇರಿ ಗಾಡಿ ಹೊಡೀತಿದ್ದ, ಹತ್ತು ತಿಂಗಳಾದ್ಮೇಲೆ ಧಣಿ ಬಂದು ಎಳ್ಕೊಂಡು ಹೋದ. ಮುದುಕನಾಗಿ ಅರ್ಜಿ ಹಾಕಿದ್ರೆ, ಓಡಿಬಂದವನಾಗಿ ಮಾಡಿದ ಸೇವೆ ಲೆಕ್ಕಕ್ಕಿಲ್ಲ ಅಂದ್ಬಿಟ್ರು. 1836ರಲ್ಲಿ ಮತ್ತೆ ಬರೆಸಿದ, ಎಲ್ಲೆಲ್ಲೂ ಸ್ವಾತಂತ್ರ್ಯದ ಮಾತೇ ಆಗಿತ್ತು, ನಂಗೂ ಆಸೆ ಆಯ್ತು ಅಂತ. ದುಡ್ಡಂತೂ ಬರಲಿಲ್ಲ. ಟೇಬಲ್ ಈ ಕಡೆ ಕೂತಿದ್ದ ನಂಗೆ ಆ ತಿರಸ್ಕಾರದ ಒಕ್ಕಣೆ ಓದಿದಾಗ ಮೈ ಉರೀತು, ನಿಯಮದ ಪ್ರಕಾರ ಗುಮಾಸ್ತ ಸರಿ, ಆದ್ರೆ ಏನು ಸರಿ ಅದು?

ಒಂದೇ ಹೆಸರಿನ ಸಮಸ್ಯೆ ಬಂದೇ ಬರತ್ತೆ. ಜರ್ಮನ್ ಮೂಲದವರಾದ್ರೆ ಅಣ್ಣತಮ್ಮಂದಿರೆಲ್ಲರಿಗೂ ಯೋಹಾನ್ ಅಂತ ಮುಂದೆ ಸೇರಿಸಿ ದೀಕ್ಷೆ ಕೊಡ್ತಿದ್ರು, ಕರೀತಿದ್ದಿದ್ದು ಎರಡನೇ ಹೆಸರಿಂದ. ಸೀನಿಯರ್ ಜೂನಿಯರ್ ಅಂದ್ರೆ ಅಪ್ಪ ಮಗ ಅಂತಾನೇ ಅಲ್ಲ, ಒಂದೇ ಊರಲ್ಲಿ ಒಂದೇ ಹೆಸರಿನ ದೊಡ್ಡೋನು ಚಿಕ್ಕೋನು ಅಷ್ಟೇ ಇರಬಹುದು. ಅದಕ್ಕೆ ಹೆಸರಿಗಿಂತ ಜೊತೆಯವರನ್ನ ನೋಡಿ, ಹೆಂಡತಿ ಹೆಸರು, ಸಾಕ್ಷಿ ಹಾಕಿದ ನೆರೆಯವರು, ಅದೇ ಕಂಪನೀಲಿದ್ದ ಬಾಮೈದ, ಜೊತೆಗೆ ವಲಸೆ ಹೋದ ಮನೆಗಳು, ಇವು ಹೊಂದಿದ್ರೆ ಆಸಾಮಿ ಅವನೇ. 1840ರ ಜನಗಣತೀಲಿ ಪಿಂಚಣಿದಾರರ ಹೆಸರು, ವಯಸ್ಸು ಬೇರೆಯಾಗಿ ಬರೆದಿದಾರೆ, ಯಾರ ಮನೇಲಿದ್ದ ಅಂತಾನೂ ಗೊತ್ತಾಗತ್ತೆ, ಬಹಳ ಸಲ ಅದು ಮಗನದ್ದೋ ಅಳಿಯನದ್ದೋ ಮನೆ. ಖಜಾನೆಯ ಕೊನೇ ಪಾವತಿ ವೋಚರ್ ಸಿಕ್ರೆ ಸತ್ತ ದಿನ, ಬಾಕಿ ತಗೊಂಡ ಮಕ್ಕಳು ಕೂಡ ಸಿಗ್ತಾರೆ. ಹುಟ್ಟಿದ ದಿನ 1752ಕ್ಕೆ ಹಿಂದಿನದಾದ್ರೆ ಎರಡು ಇಸವಿ ಕಾಣಬಹುದು, ಆಗ ಇಂಗ್ಲಿಷರ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗ್ತಿತ್ತು. ವಾಷಿಂಗ್ಟನ್ ಹುಟ್ಟಿದ್ದೇ ಹಳೇ ಲೆಕ್ಕದಲ್ಲಿ 1731, ಹೊಸ ಲೆಕ್ಕದಲ್ಲಿ 1732.

ಡಿ.ಎ.ಆರ್ ಅಂತ ಈ ಸ್ವಾತಂತ್ರ್ಯ ಯುದ್ಧದ ಸೈನಿಕರ ವಂಶದ ಹೆಣ್ಣುಮಕ್ಕಳ ಸಂಘ ಇದೆ, 1890ರದ್ದು, ನಿಮ್ಮ ಮಗಳು 18 ದಾಟಿದ್ಮೇಲೆ ಅರ್ಜಿ ಹಾಕಬಹುದು, ತಂದೆ ಕಡೆಯಿಂದ ಬಂದ್ರೂ ಆಗತ್ತೆ. ಅವರ ಡೇಟಾಬೇಸ್ ಎಲ್ಲರೂ ನೋಡಬಹುದು. ಆದ್ರೆ ನೂರು ವರ್ಷದ ಹಿಂದಿನ ಅರ್ಜಿಗಳನ್ನ ಕಣ್ಮುಚ್ಚಿ ನಂಬಬೇಡಿ, ಆಗ ಅಷ್ಟು ಪುರಾವೆ ಕೇಳ್ತಿರಲಿಲ್ಲ. ಆನ್‌ಲೈನ್ ವಂಶವೃಕ್ಷಗಳಂತೂ ಕೇಳ್ಲೇಬೇಡಿ, ಒಬ್ಬ ಹಾಕಿದ್ದನ್ನ ನೂರು ಜನ ಕಾಪಿ ಹೊಡೆದಿರ್ತಾರೆ.

ನಮ್ಮ ಸೊಸೆ ಮನೇಲಿ ವ್ಯಾಲಿ ಫೋರ್ಜಿನ ಕ್ಯಾಪ್ಟನ್ ಅಂತ ಹೇಳ್ಕೊಂಡು ಬಂದಿದ್ರು, ಸಿಕ್ಕಿದ್ದು ಕೌಂಟಿ ಮಿಲಿಷಿಯಾದ ಸಾದಾ ಸಿಪಾಯಿ, ಬ್ರಿಟಿಷರ ಪರ ಕಾದಾಡಿ ಸೆರೆ ಸಿಕ್ಕ ಜರ್ಮನ್ ಸೈನಿಕರ ಕಾವಲಿಗೆ ಹೋಗ್ತಿದ್ದವನು. ಆರು ತಿಂಗಳಿಗೆ ಸ್ವಲ್ಪ ಕಡಿಮೆ ಬಿತ್ತು ಅಂತ ಅರ್ಜಿ ತಿರಸ್ಕಾರ. ಆದ್ರೆ ಆ ಫೈಲಲ್ಲೇ ಹುಟ್ಟಿದ ಊರು, ಅಪ್ಪನ ಹೆಸರು ಎರಡೂ ಸಿಕ್ತು. ಬೀಗರು ಮೊದ್ಲು ಸ್ವಲ್ಪ ಮುಖ ಸಣ್ಣ ಮಾಡಿದ್ರು, ಆಮೇಲೆ ಆ ಅರ್ಜೀನೇ ಪ್ರಿಂಟ್ ತೆಗೆಸಿ ಫ್ರೇಮ್ ಹಾಕಿಸಿದಾರೆ.

ನೀವು ಅತ್ತೆಯವರನ್ನ ಕೂರಿಸ್ಕೊಂಡು ಯಾವ ರಾಜ್ಯ, ಯಾವ ಕೌಂಟಿ, ಆ ಹಿರಿಯರ ಹೆಂಡತಿ ಹೆಸರು ಏನಾದ್ರೂ ನೆನಪಿದ್ಯಾ ಅಂತ ಕೇಳಿ. ಪೆನ್ಸಿಲ್ವೇನಿಯಾ ಆದ್ರೆ ಕೌಂಟಿ ಹೆಸರು ಕೆಳಗೆ ಬರೀರಿ, ಯಾವ ಪಟ್ಟಿ ಮೊದ್ಲು ನೋಡ್ಬೇಕು ಹೇಳ್ತೀನಿ. ವರ್ಜೀನಿಯಾ, ಕೆರೊಲಿನಾ ಕಡೆ ಆದ್ರೆ ಸದರ್ನ್ ಕ್ಯಾಂಪೇನ್ಸ್ ಅಂತ ಒಂದು ಸೈಟಿದೆ, ಆ ಕಡೆ ಸೈನಿಕರ ಅರ್ಜಿಗಳನ್ನ ಟೈಪ್ ಮಾಡಿ ಹಾಕಿದಾರೆ, ಮೊದ್ಲು ಅಲ್ಲಿ ನೋಡಿ.