ಬೆಳಗ್ಗೆ ಕಿರುಚುವ ಬೆಲ್ಟ್
ಸರ್, ಮೂಡಿಗೆರೆ ಚಳಿಯಲ್ಲಿ ಕಾರು ಸ್ಟಾರ್ಟ್ ಮಾಡಿದರೆ ಕೀಂಯ್ ಅನ್ನುತ್ತದೆ, ಎಸಿ ಹಾಕಿದರೆ ಜಾಸ್ತಿ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಬದಲಿಸಬೇಕಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಲೋಡ್ ಬಿದ್ದಾಗ ಜಾಸ್ತಿಯಾಗುವ ಸದ್ದು ಹೆಚ್ಚಾಗಿ ಆಲ್ಟರ್ನೇಟರ್, ಎಸಿಗಳನ್ನು ತಿರುಗಿಸುವ ಬೆಲ್ಟ್ ಜಾರುವುದರಿಂದ ಬರುತ್ತದೆ.

ಎಂಜಿನ್ ಓಡುತ್ತಿರುವಾಗ ಬೆಲ್ಟಿನ ಗೆರೆ ಇರುವ ಬದಿಗೆ ದೂರದಿಂದ ಸ್ವಲ್ಪ ನೀರು ಸ್ಪ್ರೇ ಮಾಡಿ. ಶಾಲು, ಮಫ್ಲರ್ ತೆಗೆದಿಟ್ಟೇ ಬಗ್ಗಿ! ಸದ್ದು ಜೋರಾದರೆ ಬೆಲ್ಟಿನ ಟೆನ್ಷನ್ (ಬಿಗಿ) ಕಮ್ಮಿ. ಕ್ಷಣ ನಿಂತು ಮತ್ತೆ ಶುರುವಾದರೆ ಬೆಲ್ಟ್ ಸುತ್ತುವ ಚಕ್ರಗಳು, ಅಂದರೆ ಪುಲ್ಲಿಗಳು, ಒಂದೇ ನೇರಕ್ಕಿಲ್ಲ.

ಬಿರುಕಿಲ್ಲ, ಬೆಲ್ಟ್ ಚೆನ್ನಾಗಿದೆ ಅಂದರೆ ನಂಬಬೇಡಿ. ಈಗಿನ ಬೆಲ್ಟುಗಳ ಇಪಿಡಿಎಂ ಎಂಬ ಕೃತಕ ರಬ್ಬರ್ ಬಿರುಕು ಬಿಡದೆಯೂ ಸವೆಯುತ್ತದೆ. ಬೆಲ್ಟ್ ಮೇಲೆ ಎಣ್ಣೆ, ಕೂಲಂಟ್ (ಎಂಜಿನ್ ತಂಪಿಡುವ ದ್ರವ) ಸೋರಿದ್ದರೆ ಮೊದಲು ಅದನ್ನು ನಿಲ್ಲಿಸಿ, ಆಮೇಲೆ ಹೊಸ ಬೆಲ್ಟ್. ಬೆಲ್ಟ್ ಬಿಚ್ಚಿದಾಗ ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್, ಅದರ ದಾರಿ ತಿರುಗಿಸುವ ಐಡ್ಲರ್ ಪುಲ್ಲಿಗಳನ್ನು ಕೈಯಲ್ಲೇ ತಿರುಗಿಸಿ. ಗರಗರ ಅಂದರೆ ಬೇರಿಂಗ್ ಹೋಗಿದೆ, ಅದನ್ನೂ ಬದಲಿಸಿ. ಬೆಲ್ಟಿಗೆ ಸೋಪು ಉಜ್ಜುವುದು ಸುಮ್ನೆ ಕಾಲಹರಣ.